ಫೋರ್ತ್ ಸ್ಟೇಜ್ ಅಂತ ಮನೆಗೆ ಬಂದ ಫೈಲು: ಗಡಿನಾಡಿನ ಒಂದು ಪ್ರಕರಣ

ಅರ್ಜಿಯಲ್ಲಿ ಇದ್ದದ್ದು ಇಷ್ಟೇ: ವಯಸ್ಸು 58, ಬಾಯಿಯ ಕ್ಯಾನ್ಸರ್, ಫೋರ್ತ್ ಸ್ಟೇಜ್, ಇನ್ನು ಚಿಕಿತ್ಸೆ ಇಲ್ಲ, ಮನೆಯಲ್ಲಿ ಆರೈಕೆ ಬೇಕು. ಕೆಳಗೆ ಮಗನ ಸಹಿ, ಪಕ್ಕದಲ್ಲಿ ವಾರ್ಡ್ ಮೆಂಬರರ ಸಹಿ.

ನಾನು ಕಾಸರಗೋಡು ಜಿಲ್ಲೆಯ ಉತ್ತರ ಭಾಗದ ಒಂದು ಪಂಚಾಯತಿನಲ್ಲಿ ಪಾಲಿಯೇಟಿವ್ ನರ್ಸ್, ಅಂದರೆ ದೊಡ್ಡ ಕಾಯಿಲೆಯವರ ನೋವು, ಕಷ್ಟ ಕಮ್ಮಿ ಮಾಡುವ ಆರೈಕೆಯ ನರ್ಸ್. ಕೇರಳ ಸರಕಾರ 2008ರಲ್ಲಿ ಪಾಲಿಯೇಟಿವ್ ನೀತಿ ತಂದ ಮೇಲೆ ಈ ಕೆಲಸ ಪಂಚಾಯತುಗಳ ಕೈಗೆ ಬಂತು. ಗಾಡಿಯಲ್ಲಿ ಮನೆ ಮನೆಗೆ ಹೋಗುತ್ತೇವೆ. ಹುಣ್ಣು ತೊಳೆಯುವುದು, ನಳಿಕೆ ಬದಲಿಸುವುದು, ನೋವಿನ ಮಾತ್ರೆ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುವುದು ನಮ್ಮ ದಿನದ ಕೆಲಸ. ಈ ಪ್ರಕರಣ ಬರೆಯಲು ಆ ಮನೆಯವರು ಒಪ್ಪಿದ್ದಾರೆ. ಹೆಸರು, ಊರು ಬೇಡ. ಗುರುತು ಸಿಗುವ ಒಂದೆರಡು ವಿವರ ಬದಲಿಸಿದ್ದೇನೆ. ಆಸ್ಪತ್ರೆಗಳ ಹೆಸರೂ ಹೇಳುವುದಿಲ್ಲ. ಯಾವ ಆಸ್ಪತ್ರೆಯಲ್ಲಿ ಬೇಕಾದರೂ ಆಗಬಹುದಾದ ಸಂಗತಿ ಇದು.

ಮನೆ, ಭಾಷೆ, ಹುಣ್ಣು

ಅಮ್ಮ ಅಂತಲೇ ಬರೆಯುತ್ತೇನೆ. ಮನೆಮಾತು ತುಳು. ಐದನೇ ಕ್ಲಾಸಿನವರೆಗೆ ಕನ್ನಡ ಶಾಲೆಗೆ ಹೋದವರು. ಇವತ್ತಿಗೂ ಕನ್ನಡ ಪೇಪರ್ ಓದುತ್ತಾರೆ, ನಿಧಾನಕ್ಕೆ, ಅಕ್ಷರದ ಮೇಲೆ ಬೆರಳಿಟ್ಟು. ಮಲಯಾಳ ಕೇಳಿದರೆ ಅರ್ಧ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ತೋಟದ ಕೆಲಸ, ಅಡಿಕೆ ಸುಲಿಯುವ ಕೆಲಸ ಮಾಡಿ ಮಗನನ್ನು ಬೆಳೆಸಿದವರು. ಗಂಡ ತೀರಿಕೊಂಡಿದ್ದಾರೆ. ಮಗ ಗೂಡ್ಸ್ ಆಟೋ ಓಡಿಸುತ್ತಾನೆ. ಸೊಸೆ ಕಾಞಂಗಾಡು ಕಡೆಯವಳು, ಮಲಯಾಳದಲ್ಲಿ ಓದಿದವಳು. ಮೊಮ್ಮಗಳು ಮಲಯಾಳ ಮೀಡಿಯಂನಲ್ಲಿ ಮೂರನೇ ಕ್ಲಾಸು. ಒಂದೇ ಮನೆಯಲ್ಲಿ ಮೂರು ಭಾಷೆ ನಮ್ಮ ಕಡೆ ಸುದ್ದಿಯೇ ಅಲ್ಲ. 1956ರ ನವೆಂಬರ್ 1ರಂದು ಗಡಿ ಗೆರೆ ಎಳೆದ ಮೇಲೆ ಇಲ್ಲಿನ ಮನೆಗಳು ಹೀಗೇ ಇವೆ.

ಎಡಗೆನ್ನೆಯ ಒಳಗೆ, ಕೆಳದವಡೆಯ ಪಕ್ಕದಲ್ಲಿ ಹುಣ್ಣಾಯಿತು. ಎಲೆ ಅಡಿಕೆ ಒತ್ತಿ ಇಟ್ಟುಕೊಳ್ಳುವ ಜಾಗ ಅದೇ. ಮೊದಲು ಹತ್ತಿರದ ಕ್ಲಿನಿಕ್‌ನಲ್ಲಿ ಹಚ್ಚುವ ಜೆಲ್ ಕೊಟ್ಟರು, ವಿಟಮಿನ್ ಮಾತ್ರೆ ಕೊಟ್ಟರು. ಮೂರು ತಿಂಗಳಾದರೂ ಮಾಯಲಿಲ್ಲ. ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು ಅಂದಾಗ ಪಕ್ಕದ ಮನೆಯವರು, ‘ಚೂರಿ ತಾಗಿದರೆ ಹರಡುತ್ತದೆ’ ಅಂದರು. ಆ ಮಾತಿನಿಂದ ಇನ್ನೂ ಒಂದು ತಿಂಗಳು ಹೋಯಿತು. ಬಾಯಿಯ ಹುಣ್ಣಿನಿಂದ ಸಣ್ಣ ತುಂಡು ತೆಗೆದರೆ ಕ್ಯಾನ್ಸರ್ ಹರಡುವುದಿಲ್ಲ. ತೆಗೆಯದೆ ಕೂತರೆ ಹುಣ್ಣು ತನ್ನ ಪಾಡಿಗೆ ಒಳಗೆ ಇಳಿಯುತ್ತಾ ಹೋಗುತ್ತದೆ.

ಫೈಲಿನ ಮೊದಲ ಹಾಳೆಯಲ್ಲಿ ಚಟಗಳ ಕಾಲಂ ಇದೆ. ಅಲ್ಲಿ ‘ತಂಬಾಕು: ಇಲ್ಲ’ ಅಂತ ಇತ್ತು. ನಾನು ಅಮ್ಮನನ್ನು ಕೇಳಿದೆ. ‘ಬೀಡಿ ಸಿಗರೇಟು ಎಲ್ಲ ಇಲ್ಲಪ್ಪ’ ಅಂದರು. ಎಲೆಗೆ ಎಂತ ಹಾಕ್ತೀರಿ ಅಂದೆ. ‘ಎಂತ ಹಾಕುವುದು, ಸುಣ್ಣ, ಅಡಿಕೆ, ಸ್ವಲ್ಪ ಹೊಗೆಸೊಪ್ಪು.’ ಮೂವತ್ತು ವರ್ಷದ ಹೊಗೆಸೊಪ್ಪು ಆ ಕಾಲಂನಿಂದ ತಪ್ಪಿಸಿಕೊಂಡಿತ್ತು. ಕೇಳಿದವರು ಸೇದುವುದನ್ನು ಮನಸ್ಸಿನಲ್ಲಿಟ್ಟು ಕೇಳಿದರು, ಇವರೂ ಹಾಗೇ ತಿಳಿದು ಉತ್ತರ ಕೊಟ್ಟರು. ಇನ್ನೊಂದು ಮಾತು. ಹೊಗೆಸೊಪ್ಪು ಇಲ್ಲದಿದ್ದರೂ ಅಡಿಕೆ ಒಂದೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ನಮ್ಮ ಊರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದರೆ ಜನ ಮುಖ ತಿರುಗಿಸುತ್ತಾರೆ. ನಮ್ಮ ಮನೆಯ ಹಿಂದೆಯೂ ಅಡಿಕೆ ತೋಟವೇ ಇರುವುದು.

ಕೋಣೆಯೊಳಗೆ ಆದ ಮಾತು

ತುಂಡಿನ ವರದಿ ಬಂದ ಮೇಲೆ ಮಗ ಅಮ್ಮನನ್ನು ದಕ್ಷಿಣದ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಸ್ಕ್ಯಾನ್ ಆಯಿತು. ಮುಖ್ಯ ಮಾತುಕತೆಯ ದಿನ ಅಮ್ಮನನ್ನು ಹೊರಗೆ ಬೆಂಚಿನಲ್ಲಿ ಕೂರಿಸಿ ಅವನೊಬ್ಬನೇ ಒಳಗೆ ಹೋದ. ‘ಅಮ್ಮನಿಗೆ ಹೇಳಬೇಡಿ, ತಡ್ಕೊಳ್ಳುವುದಿಲ್ಲ’ ಅಂತ ಮೊದಲೇ ಕೈಮುಗಿದಿದ್ದನಂತೆ. ಮಾತು ನಡೆದದ್ದು ಮಲಯಾಳದಲ್ಲಿ, ನಡುನಡುವೆ ಇಂಗ್ಲಿಷ್. ಮಗನ ಮಲಯಾಳ ಬಾಡಿಗೆ ಕುದುರಿಸಲು, ಸಾಮಾನು ಇಳಿಸಲು ಧಾರಾಳ ಸಾಕು. ಡಾಕ್ಟರರದು ಕೇರಳದ ತೆಂಕಣ ಭಾಗದ ವೇಗದ ಮಾತು. ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಮಲಯಾಳ ಬರುವ ಸೊಸೆ ಆ ದಿನ ಅಡುಗೆ ಮಾಡುತ್ತಾ ಮನೆಯಲ್ಲಿದ್ದಳು. ಆಸ್ಪತ್ರೆಗೆ ಗಂಡಸು ಹೋಗಬೇಕು ಅನ್ನುವ ನಮ್ಮ ಪದ್ಧತಿ ಎಲ್ಲೆಲ್ಲಿ ಬಂದು ಕೂರುತ್ತದೆ ನೋಡಿ.

ಡಾಕ್ಟರು ಏನು ಹೇಳಿದರು ಅಂತ ನಾನು ಆಮೇಲೆ ಎರಡೂ ಕಡೆಯಿಂದ ಕೇಳಿ ತಿಳಿದುಕೊಂಡೆ. ‘ಸ್ಟೇಜ್ ಫೋರ್ ಎ. ದೊಡ್ಡ ಆಪರೇಷನ್ ಬೇಕು. ದವಡೆ ಮೂಳೆಯ ಒಂದು ಭಾಗ ತೆಗೆಯಬೇಕಾಗುತ್ತದೆ. ಆಮೇಲೆ ರೇಡಿಯೇಷನ್. ಮನೆಯಲ್ಲಿ ಎಲ್ಲರ ಹತ್ತಿರ ಮಾತಾಡಿ ಬನ್ನಿ.’ ಇದು ಡಾಕ್ಟರು ಹೇಳಿದ್ದು. ಮಗ ಕೇಳಿಸಿಕೊಂಡದ್ದು ಎರಡೇ: ಸ್ಟೇಜ್ ಫೋರ್, ಮನೆಗೆ ಹೋಗಿ. ನಮ್ಮಲ್ಲಿ ಡಾಕ್ಟರು ಮನೆಗೆ ಹೋಗಿ ಅಂದರೆ ಕೈಬಿಟ್ಟರು ಅಂತಲೇ ಲೆಕ್ಕ. ಹೊರಗೆ ಬಂದು ಫೋನಿನಲ್ಲಿ ಹುಡುಕಿದ. ಸ್ಟೇಜ್ ಫೋರ್ ಅಂತ ಹಾಕಿದರೆ ಫೋನು ಏನು ತೋರಿಸುತ್ತದೆ ಅಂತ ಹೇಳಬೇಕಾಗಿಲ್ಲ. ಅಮ್ಮನಿಗೆ, ‘ಹುಣ್ಣು ಸ್ವಲ್ಪ ಆಳ ಉಂಟಂತೆ, ಮದ್ದಲ್ಲಿ ಗುಣ ಆಗ್ತದಂತೆ’ ಅಂದ. ಊರಿಗೆ ಬಂದವನೇ ಮೆಂಬರರ ಹತ್ತಿರ ಹೋಗಿ ಅರ್ಜಿ ಬರೆಸಿದ.

ಅವನ ಮೇಲೆ ತಪ್ಪು ಹೊರಿಸಲು ನನಗೆ ಮನಸ್ಸಿಲ್ಲ. ಆ ಡಾಕ್ಟರರ ಮೇಲೂ ಇಲ್ಲ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಆದರೆ ಹೇಳಿದ್ದು ತಲುಪಿತಾ ಅಂತ ಆ ಕೋಣೆಯಲ್ಲಿ ಯಾರೂ ನೋಡಲಿಲ್ಲ. ‘ಅರ್ಥ ಆಯ್ತಾ?’ ಅಂತ ಕೇಳಿದ್ದರಂತೆ. ಆಯ್ತು ಅಂದನಂತೆ. ಆ ಪ್ರಶ್ನೆಗೆ ಇಲ್ಲ ಅಂತ ಹೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ.

ಫೈಲಿನಲ್ಲಿ ಇದ್ದದ್ದು

ಮೊದಲ ಭೇಟಿಯಲ್ಲಿ ಅಮ್ಮ ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ನಾವು ಸಾಮಾನ್ಯವಾಗಿ ನೋಡಲು ಹೋಗುವ ರೋಗಿ ಹಾಗೆ ಕೂತಿರುವುದಿಲ್ಲ. ಕೆನ್ನೆ ಸ್ವಲ್ಪ ಉಬ್ಬಿತ್ತು. ತೂಕ ಹೆಚ್ಚೇನೂ ಇಳಿದಿರಲಿಲ್ಲ. ಮಗ ಒಳಗಿಂದ ಪ್ಲಾಸ್ಟಿಕ್ ಚೀಲ ತಂದ. ‘ಎಂತದ್ದೂ ಮಾಡ್ಲಿಕ್ಕಿಲ್ಲ ಸಿಸ್ಟರ್, ನೋವಿಗೆ ಎಂತಾದ್ರೂ ಕೊಡಿ’ ಅಂದ. ನಾನು ಹಾಳೆ ತಿರುಗಿಸಿದೆ. ಸ್ಕ್ಯಾನ್ ವರದಿಯ ಹಿಂದಿನ ಹಾಳೆಯಲ್ಲಿ ಡಾಕ್ಟರರ ಕೈಬರಹ. ಟಿ4ಎ, ಎನ್0, ಎಂ0. ಕೆಳಗೆ ಆಪರೇಷನ್ನಿನ ಯೋಜನೆ, ಆಮೇಲೆ ರೇಡಿಯೇಷನ್. ಅದರ ಕೆಳಗೆ: ‘ಇಂಟೆಂಟ್: ಕ್ಯುರೇಟಿವ್’. ಗುಣಪಡಿಸುವ ಉದ್ದೇಶ ಅಂತ.

ಇಲ್ಲಿ ಸ್ವಲ್ಪ ನಿಂತು ಹೇಳಬೇಕು. ಕ್ಯಾನ್ಸರಿನ ಹಂತ ಹೇಳಲು ಮೂರು ಅಕ್ಷರ ಬಳಸುತ್ತಾರೆ. ಟಿ ಅಂದರೆ ಗಡ್ಡೆ ಎಷ್ಟು ದೊಡ್ಡದು, ಎಲ್ಲಿಯವರೆಗೆ ಇಳಿದಿದೆ. ಎನ್ ಅಂದರೆ ಹತ್ತಿರದ ಹಾಲ್ರಸ ಗ್ರಂಥಿಗಳಿಗೆ, ಅಂದರೆ ಜನ ‘ಗಂಟು’ ಅನ್ನುವ ಕುತ್ತಿಗೆಯ ಗ್ರಂಥಿಗಳಿಗೆ ಹೋಗಿದೆಯಾ. ಎಂ ಅಂದರೆ ಶ್ವಾಸಕೋಶ, ಲಿವರಿನಂಥ ದೂರದ ಜಾಗಕ್ಕೆ ಹೋಗಿದೆಯಾ. ಮೂರನ್ನೂ ಸೇರಿಸಿ ಒಂದರಿಂದ ನಾಲ್ಕರವರೆಗೆ ಹಂತ ಹಾಕುತ್ತಾರೆ. ಬಾಯಿಯ ಕ್ಯಾನ್ಸರಿನಲ್ಲಿ ನಾಲ್ಕನೇ ಹಂತ ಒಂದೇ ಅಲ್ಲ, ಮೂರು ತುಂಡು: ಎ, ಬಿ, ಸಿ. ಗಡ್ಡೆ ದವಡೆ ಮೂಳೆಯ ಗಟ್ಟಿ ಪದರವನ್ನು ದಾಟಿದರೆ, ಅಥವಾ ಮುಖದ ಚರ್ಮಕ್ಕೆ ಬಂದರೆ, ಅದು ಟಿ4ಎ. ಗಂಟಿಗೆ ಹೋಗದಿದ್ದರೂ, ದೂರಕ್ಕೆ ಹೋಗದಿದ್ದರೂ ಅದು ನಾಲ್ಕು ಎ. ದೂರದ ಅಂಗಕ್ಕೆ ಹರಡಿದ್ದು ನಾಲ್ಕು ಸಿ. ಜನ ನಾಲ್ಕನೇ ಸ್ಟೇಜ್ ಅಂದಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಈ ಸಿ. ಅಮ್ಮನದು ಎ. ಕೆನ್ನೆ ಮತ್ತು ದವಡೆಯ ನಡುವಿನ ಜಾಗದಲ್ಲಿ ಮೂಳೆ ಹತ್ತಿರವೇ ಇರುತ್ತದೆ, ಹಾಗಾಗಿ ಎಲೆ ಅಡಿಕೆ ತಿನ್ನುವವರಲ್ಲಿ ಟಿ4ಎ ಅಪರೂಪವೇನಲ್ಲ. ಆಪರೇಷನ್ ದೊಡ್ಡದು, ಎಲ್ಲರಿಗೂ ಗುಣವಾಗುತ್ತದೆ ಅಂತಲೂ ಅಲ್ಲ. ಆದರೆ ಗುಣಪಡಿಸಲೆಂದೇ ಆ ಆಪರೇಷನ್ ಮಾಡುವುದು.

ನನ್ನ ಅಭಿಪ್ರಾಯ ಕೇಳಿದರೆ, ಹಂತದ ನಂಬರನ್ನು ಮನೆಯವರಿಗೆ ಒಂಟಿಯಾಗಿ ಹೇಳಲೇಬಾರದು. ಮುಂದೆ ಏನು ಮಾಡುತ್ತೇವೆ, ಯಾಕೆ ಮಾಡುತ್ತೇವೆ ಅನ್ನುವುದು ಮೊದಲು. ನಂಬರು ಆಮೇಲೆ. ನಂಬರು ಕಿವಿಗೆ ಬಿದ್ದ ಕ್ಷಣವೇ ಉಳಿದ ಮಾತಿಗೆ ಬಾಗಿಲು ಮುಚ್ಚುತ್ತದೆ.

ನಾನು ಮಗನಿಗೆ ಆ ಹಾಳೆ ತೋರಿಸಿದೆ. ನಂಬಲಿಲ್ಲ. ನರ್ಸ್ ಹೇಳಿದರೆ ನಂಬುವುದು ಕಷ್ಟವೇ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರರಿಂದ ಆ ಆಸ್ಪತ್ರೆಗೆ ಫೋನ್ ಮಾಡಿಸಿ, ಸ್ಪೀಕರಿಗೆ ಹಾಕಿ, ಈ ಸಲ ಸೊಸೆಯನ್ನೂ ಕೂರಿಸಿದೆವು. ‘ಅವರು ಆಪರೇಷನ್ನಿಗೆ ಡೇಟ್ ತಗೊಳ್ಳಲು ಬರುತ್ತಾರೆ ಅಂತ ಇದ್ದೆವು’ ಅಂದರು ಆ ಕಡೆಯ ಡಾಕ್ಟರು. ಐದು ವಾರ ಕಳೆದಿತ್ತು. ಸೊಸೆ ಎದ್ದು ಒಳಗೆ ಹೋದಳು. ಮಗ ಸುಮ್ನೆ ಕೂತಿದ್ದ.

ಬೋರ್ಡು

ಚಿಕಿತ್ಸೆ ಮಂಗಳೂರಿನಲ್ಲಿ ಅಂತ ತೀರ್ಮಾನವಾಯಿತು. ಬಸ್ಸಿಗೆ ಹತ್ತಿರ, ಮಗನಿಗೆ ಬಾಡಿಗೆಯೂ ತಪ್ಪುವುದಿಲ್ಲ, ಮಾತೂ ಸುಲಭ. ನಮ್ಮ ಕಡೆಯ ಅರ್ಧ ಜನ ದೊಡ್ಡ ಕಾಯಿಲೆ ಅಂದರೆ ಗಡಿಯ ತಲಪಾಡಿ ದಾಟುವವರೇ. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದಾಗ ಏನೇನಾಯಿತು ಅಂತ ಇಲ್ಲಿನವರಿಗೆ ನೆನಪಿದೆ. ಅದು ಬೇರೆ ಕಥೆ.

ಅಮ್ಮನಿಗೆ ಇನ್ನೂ ‘ಆಳದ ಹುಣ್ಣು’ ಅಂತಲೇ ಹೇಳಿದ್ದರು. ಮಂಗಳೂರಿನ ಡಾಕ್ಟರಿಗೂ ಮಗ ಅದೇ ಬೇಡಿಕೆ ಇಟ್ಟ. ಅವನು ಮರೆತದ್ದು ಒಂದೇ. ದಕ್ಷಿಣದ ಆಸ್ಪತ್ರೆಯಲ್ಲಿ ಬೋರ್ಡುಗಳು ಮಲಯಾಳ ಮತ್ತು ಇಂಗ್ಲಿಷಿನಲ್ಲಿ. ಮಂಗಳೂರಿನಲ್ಲಿ ಕನ್ನಡದಲ್ಲಿ. ಕಾರಿಡಾರಿನಲ್ಲಿ ಬೆಂಚಿನ ಎದುರಿಗೇ ದೊಡ್ಡಕ್ಷರದಲ್ಲಿ ‘ಕ್ಯಾನ್ಸರ್ ಚಿಕಿತ್ಸಾ ವಿಭಾಗ’. ಎರಡು ಗಂಟೆ ಅದರ ಎದುರು ಕೂತಿದ್ದರು, ಕಾಯುತ್ತಾ.

ಮುಂದಿನ ಭೇಟಿಯಲ್ಲಿ ರಕ್ತದೊತ್ತಡ ನೋಡುತ್ತಿದ್ದೆ. ಮಗ ಹೊರಗಿದ್ದ. ‘ಅವನಿಗೆ ಹೇಳ್ಬೇಡಿ ಸಿಸ್ಟರೇ, ನನಗೆ ಗೊತ್ತುಂಟು ಅಂತ. ಪಾಪ, ಹೆದರ್ತಾನೆ’ ಅಂದರು. ಬೋರ್ಡಿನಿಂದ ಗೊತ್ತಾದದ್ದಾ ಅಂದೆ. ‘ಬೋರ್ಡಿನಲ್ಲಿ ಖಾತ್ರಿ ಆಯ್ತು. ನಿಮ್ಮ ಗಾಡಿ ಅಂಗಳಕ್ಕೆ ಬಂದ ದಿನವೇ ಸಂಶಯ ಇತ್ತು.’

ಮಗ ಅಮ್ಮನಿಗಾಗಿ ಮುಚ್ಚಿಡುತ್ತಿದ್ದ, ಅಮ್ಮ ಮಗನಿಗಾಗಿ. ಇಬ್ಬರೂ ಡಾಕ್ಟರರ ಎದುರು ಅರ್ಧರ್ಧ ಮಾತಾಡುತ್ತಿದ್ದರು. ನಮ್ಮ ಕೆಲಸದಲ್ಲಿ ಇದು ಹೊಸತೇನಲ್ಲ. ಆದರೆ ದವಡೆ ತೆಗೆಯುವ ಆಪರೇಷನ್ನಿಗೆ ‘ಹುಣ್ಣಿಗೆ’ ಅಂತ ಒಪ್ಪಿಗೆ ಪಡೆಯಲು ಆಗುತ್ತದಾ? ಅಮ್ಮನ ಅನುಮತಿ ಕೇಳಿ ಮೂವರನ್ನೂ ಜಗಲಿಯಲ್ಲಿ ಕೂರಿಸಿದೆ. ಮಾತು ಶುರುಮಾಡಿದ್ದು ಅಮ್ಮನೇ. ‘ಹುಣ್ಣು ಇರುವುದು ನನ್ನ ಬಾಯಲ್ಲಿ. ಮಾತಾಡುವುದು ನೀವೆಲ್ಲ’ ಅಂದರು. ಮಗ ಅತ್ತ. ಅಮ್ಮ ಅಳಲಿಲ್ಲ, ದವಡೆ ತೆಗೆದರೆ ಎಲೆ ಹೇಗೆ ತಿನ್ನುವುದು ಅಂತ ಕೇಳಿದರು. ತಿನ್ನಲೇಬಾರದು ಅಂದೆ. ಅದಕ್ಕೆ ಮಾತ್ರ ಸ್ವಲ್ಪ ಬೇಜಾರು ಮಾಡಿಕೊಂಡರು.

ಆಪರೇಷನ್, ಮತ್ತು ‘ಕ್ಲೋಸ್’

ಆಪರೇಷನ್ ಬಗ್ಗೆ ಹೆಚ್ಚು ಹೇಳಲು ಇಲ್ಲ. ಹುಣ್ಣು, ಸುತ್ತಲಿನ ಮಾಂಸ, ಎಡದವಡೆಯ ಒಂದು ತುಂಡು, ಕುತ್ತಿಗೆಯ ಗಂಟುಗಳು ಎಲ್ಲ ತೆಗೆದರು. ಎದೆಯ ಮಾಂಸ ಮತ್ತು ಚರ್ಮವನ್ನು ತಿರುಗಿಸಿ ತಂದು ಕೆನ್ನೆಯ ಒಳಗೆ ಹೊಲಿದರು. ಕೆಲವು ದಿನ ಮೂಗಿನ ನಳಿಕೆಯಲ್ಲಿ ಆಹಾರ. ಮನೆಗೆ ಬಂದಾಗ ಮಾತು ತೊದಲು, ಮುಖ ಒಂದು ಕಡೆಗೆ ವಾಲಿತ್ತು. ಮೊಮ್ಮಗಳು ಮೊದಲ ದಿನ ಹತ್ತಿರ ಬರಲಿಲ್ಲ, ಮರುದಿನ ಬಂದಳು.

ತೆಗೆದ ಭಾಗದ ವರದಿ ಬಂತು. ಮಗ ಅದರ ಫೋಟೋ ತೆಗೆದು ನನಗೆ ವಾಟ್ಸಾಪ್ ಮಾಡಿದ, ಜೊತೆಗೆ ಕೈಮುಗಿಯುವ ಚಿತ್ರ. ಗಂಟುಗಳೆಲ್ಲ ನೆಗೆಟಿವ್. ನೆಗೆಟಿವ್ ಅಂದರೆ ಒಳ್ಳೆಯದು ಅಂತ ಕೊರೋನಾ ಕಾಲ ಎಲ್ಲರಿಗೂ ಕಲಿಸಿದೆ, ಅದರಲ್ಲಿ ತೊಂದರೆ ಆಗಲಿಲ್ಲ. ಅದರ ಕೆಳಗೆ ‘ಹಿಂದಿನ ಅಂಚು: ಕ್ಲೋಸ್, 3 ಮಿಮೀ’ ಅಂತ ಇತ್ತು. ಕ್ಲೋಸ್ ಅಂದರೆ ಮುಚ್ಚಿದೆ, ಮುಗಿದಿದೆ. ಅಂಗಡಿ ಕ್ಲೋಸ್ ಅನ್ನುವುದಿಲ್ವಾ? ‘ಎಲ್ಲ ಕ್ಲೋಸ್ ಆಗಿದೆ ಸಿಸ್ಟರ್, ಇನ್ನು ರೇಡಿಯೇಷನ್ ಯಾಕೆ? ಅವರಿಗೆ ದುಡ್ಡಿನ ಆಸೆ’ ಅಂತ ಫೋನ್ ಮಾಡಿದ.

ಅಲ್ಲಿ ಬರೆದದ್ದರ ಅರ್ಥ ಬೇರೆ. ಗಡ್ಡೆ ತೆಗೆಯುವಾಗ ಸುತ್ತ ಒಳ್ಳೆಯ ಮಾಂಸವನ್ನೂ ಸೇರಿಸಿ ತೆಗೆಯುತ್ತಾರೆ. ಕತ್ತರಿಸಿದ ಅಂಚಿಗೂ ಗಡ್ಡೆಗೂ ನಡುವೆ 5 ಮಿಲಿಮೀಟರಾದರೂ ಇದ್ದರೆ ನೆಮ್ಮದಿ. ಅದಕ್ಕಿಂತ ಕಮ್ಮಿ ಇದ್ದರೆ ‘ಹತ್ತಿರ’ ಅನ್ನುತ್ತಾರೆ. ಅಂದರೆ ಅಂಚಿನ ಬಳಿ ಕಣ್ಣಿಗೆ ಕಾಣದ ಕಣ ಉಳಿದಿರುವ ಸಂಭವ ಸ್ವಲ್ಪ ಜಾಸ್ತಿ. ಗಡ್ಡೆ ಮೂಳೆಗೆ ಇಳಿದದ್ದಕ್ಕೇ ರೇಡಿಯೇಷನ್ ಬೇಕಿತ್ತು. ಈ 3 ಮಿಲಿಮೀಟರ್ ಅದಕ್ಕೆ ಇನ್ನೊಂದು ಕಾರಣ. ಆಪರೇಷನ್ ಆಗಿ ಆರು ವಾರದೊಳಗೆ ಶುರುಮಾಡುವುದು ಒಳ್ಳೆಯದು. ಅವನು ಮುಗಿಯಿತು ಅಂತ ತಿಳಿದ ಮಾತೇ ಬೇಗ ಶುರುಮಾಡಿ ಅಂತ ಹೇಳುತ್ತಿತ್ತು.

ಇಂಗ್ಲಿಷ್ ಸರಿಯಾಗಿ ಬಾರದ್ದರಿಂದ ಹೀಗಾಯಿತು ಅಂತ ಅನ್ನಿಸಬಹುದು. ಪೂರ್ತಿ ಹಾಗಲ್ಲ. ಅಮೆರಿಕದ ಮಿನೆಸೋಟಾ ರಾಜ್ಯದ ಜಾತ್ರೆಯಲ್ಲಿ 2021ರಲ್ಲಿ 215 ಜನರಿಗೆ ಡಾಕ್ಟರುಗಳು ದಿನಾ ಬಳಸುವ ಮಾತುಗಳ ಅರ್ಥ ಕೇಳಿದರು. ಕ್ಯಾನ್ಸರ್ ಪರೀಕ್ಷೆ ನೆಗೆಟಿವ್ ಅಂದರೆ ಕ್ಯಾನ್ಸರ್ ಇಲ್ಲ ಅಂತ 96 ಶೇಕಡಾ ಜನರಿಗೆ ಗೊತ್ತಿತ್ತು. ಗಡ್ಡೆ ‘ಪ್ರೋಗ್ರೆಸ್’ ಆಗುತ್ತಿದೆ ಅಂದರೆ ಕೆಟ್ಟ ಸುದ್ದಿ ಅಂತ ತಿಳಿದವರು 79 ಶೇಕಡಾ. ಗಂಟುಗಳು ಪಾಸಿಟಿವ್ ಅಂದರೆ ಕ್ಯಾನ್ಸರ್ ಹರಡಿದೆ ಅಂತ ತಿಳಿದವರು 67 ಶೇಕಡಾ ಮಾತ್ರ. ಇಂಗ್ಲಿಷಿನ ನಾಡಿನಲ್ಲೇ, ಇಂಗ್ಲಿಷಿನ ಮಾತಿಗೇ ಈ ಗತಿ. ಎದೆಯ ಎಕ್ಸ್-ರೇ ‘ಇಂಪ್ರೆಸಿವ್’ ಅಂತ ಡಾಕ್ಟರು ಅಂದರೆ ಅದು ಕೆಟ್ಟ ಸುದ್ದಿ ಅಂತ ಗೊತ್ತಿದ್ದದ್ದು 21 ಶೇಕಡಾ ಜನಕ್ಕೆ. ಉಳಿದವರು ಖುಷಿಯಲ್ಲಿ ಮನೆಗೆ ಹೋಗುತ್ತಿದ್ದರೋ ಏನೋ.

ಕರೆಂಟ್

ರೇಡಿಯೇಷನ್‌ಗೆ ನಮ್ಮ ಕಡೆ ಎಲ್ಲರೂ ಅನ್ನುವುದು ‘ಕರೆಂಟ್ ಕೊಡುವುದು’. ಕೆಲವು ಆಸ್ಪತ್ರೆಗಳಲ್ಲಿ ಸಿಬ್ಬಂದಿಯೂ ಅದನ್ನೇ ಹೇಳುತ್ತಾರೆ. ಬೇಗ ಅರ್ಥವಾಗುತ್ತದೆ ಅಂತ. ಅಮ್ಮ ಮೊದಲ ದಿನ ಕಾಲಿನ ಉಂಗುರ, ಮೂಗುತಿ, ಬಳೆ ಎಲ್ಲ ಬಿಚ್ಚಿಟ್ಟು ಹೋಗಿದ್ದರು, ಶಾಕ್ ಹೊಡೆಯಬಾರದು ಅಂತ. ಮನೆಗೆ ಬಂದ ಮೇಲೆ ಮೊಮ್ಮಗಳನ್ನು ಮುಟ್ಟುತ್ತಿರಲಿಲ್ಲ. ಇದೆಲ್ಲ ಸುಲಭದ ಭಯ, ಒಂದೇ ಮಾತಿನಲ್ಲಿ ಹೋಯಿತು. ಹೊರಗಿನ ಯಂತ್ರದಿಂದ ಕೊಡುವ ಕಿರಣ ಯಂತ್ರ ನಿಂತ ಕ್ಷಣವೇ ಮುಗಿಯಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ, ಮಗುವನ್ನು ಎತ್ತಿಕೊಳ್ಳಿ ಅಂದೆ.

ಕಷ್ಟ ಬಂದದ್ದು ಮೂರನೇ ವಾರ. ಒಟ್ಟು 30 ಸಿಟ್ಟಿಂಗ್, ಸೋಮವಾರದಿಂದ ಶುಕ್ರವಾರ, ಆರು ವಾರ. ಹದಿಮೂರನೆಯದು ಮುಗಿಸಿ ಬಂದವರು ಮರುದಿನ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಬಸ್ಸು ತಪ್ಪಿತು, ತಲೆನೋವು, ಬಾಡಿಗೆ ಇತ್ತು, ಹೀಗೆ ಒಂದೊಂದು ಕಾರಣ. ಆಶಾ ಕಾರ್ಯಕರ್ತೆ ಹೋಗಿ ನೋಡಿದಾಗ ಅಮ್ಮ ಬಾಯಿ ತೆರೆದು ತೋರಿಸಿದರು. ಆಮೇಲೆ ನಾನೂ ನೋಡಿದೆ. ನಾಲಿಗೆಯ ಅಂಚು, ಅಂಗುಳ, ತುಟಿಯ ಒಳಭಾಗ ಕೆಂಪಾಗಿ, ಮೇಲೆ ಬಿಳಿ ಪೊರೆ ಕಟ್ಟಿದ ಹುಣ್ಣುಗಳು. ಎಂಜಲು ಅಂಟಂಟು. ನೀರು ನುಂಗಿದರೂ ಕಣ್ಣಲ್ಲಿ ನೀರು.

‘ಮೊದಲು ಒಂದು ಇತ್ತು. ಈಗ ಬಾಯಿಯಿಡೀ ಉಂಟು. ಹರಡಿತು ಅಲ್ವಾ?’ ಅಂದರು.

ಯೋಚಿಸಿ ನೋಡಿ. ಅವರ ಕಾಯಿಲೆ ಶುರುವಾದದ್ದೇ ಬಾಯಿಯ ಹುಣ್ಣಿನಿಂದ. ಕ್ಯಾನ್ಸರ್ ಅಂದರೆ ಹರಡುವುದು ಅಂತ ಎಲ್ಲರೂ ಹೇಳುತ್ತಾರೆ. ಒಂದು ಹುಣ್ಣು ಹೋಗಿ ಹತ್ತು ಹುಣ್ಣಾದರೆ ಅವರು ಬೇರೆ ಏನು ತಿಳಿಯಬೇಕು? ರೇಡಿಯೇಷನ್ ಶುರುವಾಗುವ ಮೊದಲು ಡಾಕ್ಟರು ಇದನ್ನು ಹೇಳಿದ್ದರು. ‘ಬಾಯಲ್ಲಿ ಸ್ವಲ್ಪ ರಿಯಾಕ್ಷನ್ ಬರುತ್ತದೆ, ಮಾಮೂಲು’ ಅಂತ. ರಿಯಾಕ್ಷನ್ ಅಂದರೆ ನಮ್ಮಲ್ಲಿ ಇಂಜೆಕ್ಷನ್ ಕೊಟ್ಟಾಗ ಮೈಮೇಲೆ ಏಳುವ ತುರಿಕೆ. ಹುಣ್ಣು ಅನ್ನುವ ಮಾತನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೆದರಿಸಬಾರದು ಅಂತ ಇರಬಹುದು.

ಕಿರಣದಿಂದ ಏಳುವ ಹುಣ್ಣು ಎರಡು ಮೂರನೇ ವಾರದಲ್ಲಿ ಶುರುವಾಗುತ್ತದೆ, ಚಿಕಿತ್ಸೆ ಮುಗಿದ ಮೇಲೆ ಕೆಲವು ವಾರಗಳಲ್ಲಿ ಮಾಯುತ್ತದೆ. ಹಳೆಯ ಹುಣ್ಣು ಒಂದೇ ಜಾಗದಲ್ಲಿ, ಅಂಚು ಗಟ್ಟಿ, ಮೊದಲು ನೋವೂ ಇರಲಿಲ್ಲ. ಇದು ತೆಳ್ಳಗೆ, ಮೆತ್ತಗೆ, ಕಿರಣ ಬಿದ್ದಲ್ಲೆಲ್ಲ, ಬೆಂಕಿಯಂಥ ಉರಿ. ನಡುವೆ ಸಿಟ್ಟಿಂಗ್ ತಪ್ಪಿಸಿದರೆ ಉಳಿದ ಕ್ಯಾನ್ಸರ್ ಕಣಗಳಿಗೆ ಚೇತರಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ. ಅದಕ್ಕೇ ಡಾಕ್ಟರುಗಳು ಒಂದು ದಿನವೂ ತಪ್ಪಿಸಬೇಡಿ ಅನ್ನುವುದು.

ಅಡ್ಡಿಲ್ಲ

ಹಾಗಾದರೆ ವಾರಕ್ಕೊಮ್ಮೆ ಡಾಕ್ಟರು ನೋಡುತ್ತಾರಲ್ಲ, ಅವರಿಗೆ ಗೊತ್ತಾಗಲಿಲ್ವಾ? ನಾನು ಫೈಲು ನೋಡಿದೆ. ಎರಡನೇ ವಾರದ ಹಾಳೆಯಲ್ಲಿ ‘ಚೆನ್ನಾಗಿ ತಡೆದುಕೊಳ್ಳುತ್ತಿದ್ದಾರೆ, ಆಹಾರ ಸೇವನೆ ಇದೆ’ ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ತೂಕದ ಕಾಲಂನಲ್ಲಿ 52 ಇದ್ದದ್ದು 49 ಆಗಿತ್ತು. ಅಮ್ಮನನ್ನು ಕೇಳಿದೆ, ಡಾಕ್ಟರು ಎಂತ ಕೇಳಿದರು, ನೀವು ಎಂತ ಹೇಳಿದಿರಿ? ‘ಹೇಗಿದ್ದೀರಿ ಅಂದ್ರು. ಅಡ್ಡಿಲ್ಲ ಅಂದೆ. ಊಟ ಮಾಡ್ತೀರಾ ಅಂದ್ರು. ಹ್ಞಾಂ ಅಂದೆ.’

ನಮ್ಮ ಕಡೆಯ ಅಡ್ಡಿಲ್ಲ ಗೊತ್ತಿದ್ದವರಿಗೆ ಗೊತ್ತು. ಜ್ವರ ಬಂದು ಮಲಗಿದವರೂ ಅಡ್ಡಿಲ್ಲ ಅನ್ನುತ್ತಾರೆ, ಮಗಳ ಮದುವೆ ಚೆನ್ನಾಗಿ ಆದರೂ ಅಡ್ಡಿಲ್ಲ. ದೊಡ್ಡವರ ಎದುರು ಕಷ್ಟ ತೋಡಿಕೊಳ್ಳಬಾರದು ಅನ್ನುವ ಮರ್ಯಾದೆ ಅದು. ಡಾಕ್ಟರು ಬೆಂಗಳೂರಿನ ಕಡೆಯವರು, ಕನ್ನಡವೇ ಮಾತಾಡುವವರು. ಅವರಿಗೆ ಅದು ‘ಏನೂ ತೊಂದರೆ ಇಲ್ಲ’ ಅಂತ ಕೇಳಿಸಿತು. ಊಟ ಅಂದರೆ ಅಮ್ಮನ ಲೆಕ್ಕದಲ್ಲಿ ಮೂರು ಹೊತ್ತು ಗಂಜಿ ತಿಳಿ, ಉಪ್ಪು. ಮೊಟ್ಟೆ, ಮೀನು ಬಿಟ್ಟಿದ್ದರು. ಗಾಯಕ್ಕೆ ನಂಜು ಅಂತ. ಡಾಕ್ಟರರ ಹಾಳೆಯಲ್ಲಿ ‘ಪ್ರೋಟೀನ್ ಜಾಸ್ತಿ ತಗೊಳ್ಳಲು ಹೇಳಲಾಗಿದೆ’ ಅಂತ ಇತ್ತು. ಹೇಳಿದ್ದರು ಕೂಡ.

ರೋಗಿಗೆ ಡಾಕ್ಟರರ ಭಾಷೆ ಅರ್ಥವಾಗುವುದಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಕಾಡಿದ್ದು ಇದರ ಉಲ್ಟಾ. ಅಮ್ಮನ ಮಾತು ಡಾಕ್ಟರಿಗೆ ಅರ್ಥವಾಗಲಿಲ್ಲ. ಅರ್ಥವಾಗಿದೆ ಅಂತ ಅವರು ತಿಳಿದದ್ದರಿಂದ ಮತ್ತೆ ಕೇಳಲೂ ಇಲ್ಲ. ದಕ್ಷಿಣದ ಆಸ್ಪತ್ರೆಯಲ್ಲಿ ಭಾಷೆ ಬೇರೆ ಅಂತ ಇಬ್ಬರಿಗೂ ಗೊತ್ತಿತ್ತು. ಇಲ್ಲಿ ಇಬ್ಬರದೂ ಕನ್ನಡ, ಹಾಗಾಗಿ ಯಾರಿಗೂ ಅನುಮಾನವೇ ಬರಲಿಲ್ಲ.

ನಾಲ್ಕು ಸಿಟ್ಟಿಂಗ್ ತಪ್ಪಿದ ಮೇಲೆ ಮಂಗಳವಾರ ಮತ್ತೆ ಹೋದರು. ನಾನು ಒಂದು ಹಾಳೆಯಲ್ಲಿ ಮೂರು ಸಾಲು ಬರೆದು ಕಳಿಸಿದ್ದೆ. ಹುಣ್ಣನ್ನು ಕ್ಯಾನ್ಸರ್ ಮರಳಿತು ಅಂತ ತಿಳಿದಿದ್ದಾರೆ. ಹೇಗಿದ್ದೀರಿ ಅಂತ ಕೇಳಬೇಡಿ, ಬೆಳಗ್ಗಿನಿಂದ ಎಷ್ಟು ಸೌಟು ಗಂಜಿ ಇಳಿಯಿತು ಅಂತ ಕೇಳಿ. ಮೊಟ್ಟೆ ನಂಜು ಅಂತ ಬಿಟ್ಟಿದ್ದಾರೆ. ಆ ದಿನ ನೋಡಿದ್ದು ಒಬ್ಬ ಕಿರಿಯ ಡಾಕ್ಟರು, ಹುಡುಗಿ. ಕೂರಿಸಿಕೊಂಡು ಕನ್ನಡಿ ಹಿಡಿದು ಬಾಯಿ ತೋರಿಸಿದರಂತೆ. ಹಳೆಯ ಹುಣ್ಣು ಇದ್ದ ಜಾಗ ಯಾವುದು, ಈಗ ಅಲ್ಲಿ ಹೊಲಿದ ಚರ್ಮ ಹೇಗಿದೆ, ಹೊಸ ಹುಣ್ಣು ಎಲ್ಲೆಲ್ಲಿ. ಎಲ್ಲ ಹೇಳಿ ಆದ ಮೇಲೆ ಅರ್ಥ ಆಯ್ತಾ ಅಂತ ಕೇಳಲಿಲ್ಲ. ‘ಅಮ್ಮ, ಮನೆಗೆ ಹೋಗಿ ಸೊಸೆಗೆ ಇದನ್ನು ಹೇಗೆ ಹೇಳ್ತೀರಿ, ನನಗೊಮ್ಮೆ ಹೇಳಿ’ ಅಂದರು.

ಅಮ್ಮ ಹೇಳಿದರು: ‘ಇದು ಕರೆಂಟಿನ ಹುಣ್ಣು, ಹಳೆಯದ್ದಲ್ಲ. ಮುಗಿದ ಮೇಲೆ ಒಣಗ್ತದೆ. ಇನ್ನು ನೀವು ಕರೆಂಟ್ ಕಮ್ಮಿ ಇಡ್ತೀರಿ.’ ಕೊನೆಯ ಮಾತು ತಪ್ಪು. ಕಮ್ಮಿ ಇಡುವುದಿಲ್ಲ. ತಪ್ಪಿದ್ದನ್ನು ಸೇರಿಸಿಯೇ ಮುಗಿಸಬೇಕು. ಹೇಳಿಸಿ ನೋಡದಿದ್ದರೆ ಅಮ್ಮ ಅದನ್ನೇ ನಂಬಿ ಬರುತ್ತಿದ್ದರು, ಮರುದಿನ ಉರಿ ಜಾಸ್ತಿಯಾದಾಗ ಮೋಸ ಮಾಡಿದರು ಅಂದುಕೊಳ್ಳುತ್ತಿದ್ದರು. ಡಾಕ್ಟರು ಮತ್ತೆ ವಿವರಿಸಿದರು, ಮತ್ತೆ ಹೇಳಿಸಿದರು. ಎಲ್ಲ ಸೇರಿ ಹತ್ತು ನಿಮಿಷವೂ ಹಿಡಿದಿಲ್ಲ ಅಂತ ಮಗ ಹೇಳಿದ. ಓಪಿಯಲ್ಲಿ ಹೊರಗೆ ನೂರು ಜನ ಕಾಯುವಾಗ ಹತ್ತು ನಿಮಿಷ ಅಂದರೆ ಎಷ್ಟು ಅಂತ ನನಗೂ ಗೊತ್ತು. ಆದರೆ ನಾಲ್ಕು ಸಿಟ್ಟಿಂಗ್ ತಪ್ಪಿದ ಮೇಲೆ ಯೋಜನೆ ಸರಿಮಾಡಲು ಆ ವಿಭಾಗದವರಿಗೆ ಅದಕ್ಕಿಂತ ಜಾಸ್ತಿಯೇ ಹಿಡಿದಿರುತ್ತದೆ.

ಆ ದಿನದಿಂದ ಅಡ್ಡಿಲ್ಲದ ಜಾಗಕ್ಕೆ ಸೌಟು ಬಂತು. ಎರಡು ಸೌಟು, ಒಂದೂವರೆ ಸೌಟು. ನೋವಿನ ಔಷಧಿ ಊಟಕ್ಕೆ ಅರ್ಧ ಗಂಟೆ ಮೊದಲು, ದಿನಕ್ಕೆ ಹಲವು ಸಲ ಉಪ್ಪು, ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಬಾಯಿ ಮುಕ್ಕಳಿಸುವುದು. ಆಹಾರ ಹೇಳಿಕೊಡುವವರು ಊರಿನ ಹೆಂಗಸೇ ಆದದ್ದು ಪುಣ್ಯ. ನಂಜು ಅನ್ನುವುದೆಲ್ಲ ಸುಳ್ಳು ಅಂತ ವಾದಕ್ಕೆ ಹೋಗಲಿಲ್ಲ. ನಂಜಲ್ಲದ್ದು ಯಾವುದು ಅಂತ ಕೇಳಿದರು. ಹೆಸರುಕಾಳಿನ ಗಂಜಿ, ರಾಗಿ ಮಣ್ಣಿ, ಹಾಲು. ಐದನೇ ವಾರ ಬೇಯಿಸಿ ಹಿಸುಕಿದ ಮೊಟ್ಟೆಗೂ ಒಪ್ಪಿದರು. ಮೀನು ಕೊನೆಯವರೆಗೂ ಇಲ್ಲ. ತೂಕ 46ಕ್ಕೆ ಇಳಿದು ಅಲ್ಲಿ ನಿಂತಿತು. 30 ಸಿಟ್ಟಿಂಗ್ ಮುಗಿಯಿತು.

ಈಗ

ಹುಣ್ಣು ಮಾಯಿದೆ. ಬಾಯಿ ಪೂರ್ತಿ ತೆರೆಯುವುದಿಲ್ಲ, ಎರಡು ಬೆರಳು ಹೋಗುವಷ್ಟು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ವ್ಯಾಯಾಮ ಮಾಡುತ್ತಾರೆ. ಪಂಚಾಯತಿನ ಪಟ್ಟಿಯಲ್ಲಿ ಅವರ ಹೆಸರು ಹಾಗೇ ಇದೆ. ನೋವು, ಬಾಯಿ ಬಿಗಿತ, ಒಣಗುವ ಬಾಯಿ ನೋಡುವುದೂ ಪಾಲಿಯೇಟಿವ್ ಕೆಲಸವೇ, ಗುಣಪಡಿಸುವ ಚಿಕಿತ್ಸೆಯ ಜೊತೆಗೇ ಅದು ನಡೆಯಬಹುದು. ಇದನ್ನು ಮಗ ಒಪ್ಪಿದ್ದಾನೆ. ನೆಂಟರು ಒಪ್ಪಿಲ್ಲ. ನಮ್ಮ ಗಾಡಿ ಕಂಡರೆ ಈಗಲೂ ಯಾರಾದರೊಬ್ಬರು ಎಷ್ಟು ದಿನ ಅಂತ ಕೇಳುತ್ತಾರೆ.

ಆಸ್ಪತ್ರೆಗೆ ಹೋಗುವ ಮೊದಲು ಅಮ್ಮ ಪ್ರಶ್ನೆಗಳನ್ನು ಬರೆಸುತ್ತಾರೆ. ಬರೆಯುವುದು ಮೊಮ್ಮಗಳು. ಅಜ್ಜಿ ತುಳುವಿನಲ್ಲಿ ಹೇಳಿದ್ದನ್ನು ಅವಳು ಮಲಯಾಳ ಅಕ್ಷರದಲ್ಲಿ ಬರೆಯುತ್ತಾಳೆ. ಡಾಕ್ಟರಿಗೆ ಓದಲು ಬರುವುದಿಲ್ಲ, ಮಗ ಓದಿ ಕನ್ನಡದಲ್ಲಿ ಹೇಳುತ್ತಾನೆ. ತಪ್ಪಿದರೆ ಅಮ್ಮ ಪಕ್ಕದಿಂದ ತಿದ್ದುತ್ತಾರೆ.

ಒಂದು ವರ್ಷದ ತಪಾಸಣೆಗೆ ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರು ಬಾಯಿ, ಕುತ್ತಿಗೆ ಎಲ್ಲ ಮುಟ್ಟಿ ನೋಡಿ, ‘ಈಗ ಎಲ್ಲೂ ಏನೂ ಕಾಣ್ತಾ ಇಲ್ಲ ಅಮ್ಮ’ ಅಂದರು. ಮಗ ಎದ್ದು ನಿಂತ. ಅಮ್ಮ ಏಳಲಿಲ್ಲ.

‘ಕಾಣುವುದಿಲ್ಲವೋ, ಇಲ್ಲವೋ?’ ಅಂತ ಕೇಳಿದರು.

ಡಾಕ್ಟರು ಪೆನ್ನು ಕೆಳಗಿಟ್ಟರು. ‘ಇಲ್ಲ ಅಂತ ಹೇಳಲು ಇನ್ನೂ ಸಮಯ ಬೇಕು. ಮರಳಿ ಬರುವುದಿದ್ದರೆ ಮೊದಲ ಎರಡು ವರ್ಷದಲ್ಲೇ ಜಾಸ್ತಿ. ಅದಕ್ಕೇ ಪದೇ ಪದೇ ಕರೆಯುವುದು. ಐದು ವರ್ಷ ನೋಡ್ತೇವೆ.’

‘ಹಾಗೆ ಹೇಳಿ’ ಅಂದರು ಅಮ್ಮ. ಮುಂದಿನ ತಾರೀಕನ್ನು ಕನ್ನಡದಲ್ಲಿ ಬರೆಸಿಕೊಂಡರು.